ಮಹಾಪೌರರ ಪೀಠ: ಬೆಂಗಳೂರಿನ ಮೇಯರರು ಮತ್ತು ಅವರ ಅಧಿಕಾರಾವಧಿ

1945ರಲ್ಲಿ ಜಮಖಂಡಿ ಪುರಸಭೆಯ ಅಧ್ಯಕ್ಷಪೀಠವನ್ನೇರಿದ ವಕೀಲರೊಬ್ಬರು 1977ರಲ್ಲಿ ಭಾರತದ ಹಂಗಾಮಿ ರಾಷ್ಟ್ರಪತಿಗಳಾದರು. ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ 1912ರಲ್ಲಿ ಜನಿಸಿದ ಶ್ರೀ ಬಸಪ್ಪ ದಾನಪ್ಪ ಜತ್ತಿಯವರ ಈ ಜೀವನಕ್ರಮವು ನಮ್ಮ ಭಾಗದ ವಾಚಕರಿಗೆ ಹೊಸದೇನಲ್ಲ. ಆದರೆ ಅವರ ಸಾರ್ವಜನಿಕ ಜೀವನದ ಮೊದಲ ಮೆಟ್ಟಿಲು ಒಂದು ಚಿಕ್ಕ ಪಟ್ಟಣದ ಪುರಸಭೆಯಾಗಿದ್ದಿತೆಂಬ ಸಂಗತಿಯನ್ನು ನಾವು ಅನೇಕ ವೇಳೆ ಮರೆಯುತ್ತೇವೆ. 1940ರಲ್ಲಿ ಪುರಸಭೆಯ ಸದಸ್ಯರಾಗಿ, ಐದು ವರ್ಷಗಳ ಬಳಿಕ ಅಧ್ಯಕ್ಷರಾಗಿ, ಊರಿನ ನೀರು, ನೆರಳು, ಬೀದಿ, ಬೆಳಕುಗಳ ವಿಚಾರವನ್ನು ನೋಡಿಕೊಂಡವರು ಮುಂದೆ ರಾಜ್ಯವನ್ನೂ ರಾಷ್ಟ್ರವನ್ನೂ ನೋಡಿಕೊಳ್ಳುವ ಹೊಣೆಯನ್ನು ಹೊತ್ತರು.

ಊರಿನ ಪೀಠವೆಂಬುದು ಹೀಗೆ ಪ್ರಜಾಪ್ರಭುತ್ವದ ಪ್ರಾಥಮಿಕ ಪಾಠಶಾಲೆ. ಪಾಠಶಾಲೆಯಲ್ಲಿ ವಿದ್ಯಾರ್ಥಿಯು ಎಷ್ಟು ಕಾಲ ಕಲಿಯುತ್ತಾನೆ, ಅಲ್ಲಿ ಅವನಿಗೆ ಏನು ಕೆಲಸ ಕೊಡುತ್ತಾರೆ, ಶಾಲೆಯ ಬಾಗಿಲು ವರ್ಷದಲ್ಲಿ ಎಷ್ಟು ದಿನ ತೆರೆದಿರುತ್ತದೆ ಎಂಬ ಮೂರು ಪ್ರಶ್ನೆಗಳು ಹೇಗೆ ಮುಖ್ಯವೋ, ನಗರದ ಪ್ರಥಮ ಪ್ರಜೆಯ ವಿಷಯದಲ್ಲಿಯೂ ಅವೇ ಮೂರು ಪ್ರಶ್ನೆಗಳು ಮುಖ್ಯವಾಗುತ್ತವೆ. ಅವನ್ನು ವಿಚಾರಿಸಲು ನಮ್ಮ ನಾಡಿನ ರಾಜಧಾನಿಯಾದ ಬೆಂಗಳೂರಿನ ಮೇಯರರ ಇತಿಹಾಸಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ತಿಮ್ಮಾಪುರ, ಮುಧೋಳ, ಜಮಖಂಡಿ, ಬೀಳಗಿ, ಬನಹಟ್ಟಿಗಳಿಂದ ಉದ್ಯೋಗವನ್ನರಸಿ ಹೋಗಿ ಆ ಮಹಾನಗರದಲ್ಲಿ ನೆಲೆಸಿದ ನಮ್ಮವರ ಸಂಖ್ಯೆಯೂ ಅಲ್ಪವಲ್ಲ. ಅವರು ತೆರಿಗೆ ಕೊಡುವ ನಗರದ ಚರಿತ್ರೆಯು ಅವರಿಗೂ, ಊರಿನಲ್ಲಿರುವ ನಮಗೂ ಉಪಯುಕ್ತವಾದೀತೆಂಬ ಭಾವನೆಯಿಂದ ಈ ಲೇಖನವನ್ನು ಬರೆಯಲಾಗಿದೆ.

ಪದವಿಯ ಮೂಲ

‘ಮೇಯರ್’ ಎಂಬ ಪದವು ‘ಹಿರಿಯ’ ಎಂಬರ್ಥದ ಲ್ಯಾಟಿನ್ ಪದದಿಂದ ಬಂದುದು. ನಮ್ಮ ಹಳ್ಳಿಗಳಲ್ಲಿ ‘ಊರ ಹಿರಿಯರು’ ಎಂದು ಕರೆಯುವ ರೂಢಿಯೊಡನೆ ಅದು ಸಹಜವಾಗಿಯೇ ಹೊಂದಿಕೊಳ್ಳುತ್ತದೆ. ಕನ್ನಡದಲ್ಲಿ ಈ ಪದಕ್ಕೆ ‘ಮಹಾಪೌರ’ ಎಂಬ ರೂಪವು ಬಳಕೆಗೆ ಬಂದಿದ್ದು, ಸಭೆ-ಸಮಾರಂಭಗಳಲ್ಲಿ ‘ಪೂಜ್ಯ ಮಹಾಪೌರರು’ ಎಂದು ಸಂಬೋಧಿಸುವ ಪದ್ಧತಿಯಿದೆ. ವಿಶೇಷ ಸಭೆಗಳಲ್ಲಿ ಅವರು ಧರಿಸುವ ಗೌನು ಮತ್ತು ಕೊರಳಿನ ಚಿನ್ನದ ಸರಗಳು ಇಂಗ್ಲೆಂಡಿನಿಂದ ಬಂದ ಆಚಾರಗಳು.

ಆ ಗೌನಿನೊಂದಿಗೆ ಇನ್ನೊಂದು ಆಚಾರವೂ ಅಲ್ಲಿಂದಲೇ ಬಂದಿತು. ಅದು ಒಂದು ವರ್ಷದ ಅಧಿಕಾರಾವಧಿ. ಲಂಡನ್ ನಗರದ ಮೇಯರನನ್ನು ಪ್ರತಿವರ್ಷವೂ ಆರಿಸುವ ಹಕ್ಕನ್ನು ಜಾನ್ ದೊರೆಯು 1215ರ ಸನದಿನಲ್ಲಿ ನಾಗರಿಕರಿಗೆ ನೀಡಿದನು. ಭಾರತದಲ್ಲಿ ಈ ಪದವಿಯು ಮೊದಲು ಕಾಣಿಸಿಕೊಂಡುದು ಮದರಾಸಿನಲ್ಲಿ. ಈಸ್ಟ್ ಇಂಡಿಯಾ ಕಂಪನಿಯು 1688ರಲ್ಲಿ ಅಲ್ಲಿ ನಗರ ಕಾರ್ಪೊರೇಷನ್ನನ್ನು ಸ್ಥಾಪಿಸಿ, ನಥಾನಿಯಲ್ ಹಿಗ್ಗಿನ್ಸನ್ ಎಂಬವನನ್ನು ಪ್ರಥಮ ಮೇಯರನನ್ನಾಗಿ ಮಾಡಿತು. ನಮ್ಮ ಉತ್ತರ ಕರ್ನಾಟಕದ ಬಹುಭಾಗವು ಯಾವ ಇಲಾಖೆಗೆ ಸೇರಿದ್ದಿತೋ ಆ ಮುಂಬಯಿಯಲ್ಲಿ ಮಾತ್ರ ‘ಮೇಯರ್’ ಎಂಬ ಹೆಸರು ಬಂದುದು 1931ರಲ್ಲಿ. ಅದಕ್ಕೂ ಮೊದಲು ಆ ಪೀಠದಲ್ಲಿದ್ದವರು ಅಧ್ಯಕ್ಷರೆನಿಸಿಕೊಳ್ಳುತ್ತಿದ್ದರು. ಸರ್ ಫಿರೋಜ್‌ಶಹಾ ಮೆಹತಾ ಅವರಂಥ ಧೀಮಂತರು ಆ ಪೀಠಕ್ಕೆ ನಾಲ್ಕು ಸಲ ಆರಿಸಿ ಬಂದಿದ್ದರು.

ಲಾರ್ಡ್ ರಿಪ್ಪನ್ನರು 1882ರ ಮೇ 18ರಂದು ಹೊರಡಿಸಿದ ನಿರ್ಣಯವು ಸ್ಥಾನಿಕ ಸ್ವರಾಜ್ಯದ ಇತಿಹಾಸದಲ್ಲಿ ಪ್ರಸಿದ್ಧವಾದುದು. ಸ್ಥಳೀಯ ಸಂಸ್ಥೆಗಳನ್ನು ಬೆಳೆಸುವುದರಿಂದ ಜನರಿಗೆ ರಾಜಕೀಯ ಶಿಕ್ಷಣ ದೊರೆಯುತ್ತದೆಂಬುದು ಅದರ ಮುಖ್ಯ ತತ್ತ್ವ. ಈ ಮಾತು ಎಷ್ಟು ನಿಜವಾಯಿತೆಂಬುದನ್ನು ಮುಂದಿನ ತಲೆಮಾರಿನ ಹೆಸರುಗಳೇ ಸಾರುತ್ತವೆ. ಸೇಲಮ್ಮಿನಲ್ಲಿ ರಾಜಾಜಿ, ಅಲಹಾಬಾದಿನಲ್ಲಿ ಜವಾಹರಲಾಲ ನೆಹರು, ಪಾಟಣಾದಲ್ಲಿ ರಾಜೇಂದ್ರಪ್ರಸಾದ, ಅಹಮದಾಬಾದಿನಲ್ಲಿ ವಲ್ಲಭಭಾಯಿ ಪಟೇಲ, ಕಲಕತ್ತೆಯಲ್ಲಿ ಚಿತ್ತರಂಜನ ದಾಸ ಮತ್ತು ಸುಭಾಷಚಂದ್ರ ಬೋಸ್ ಇವರೆಲ್ಲರೂ ನಗರಸಭೆಗಳ ಪೀಠಗಳನ್ನು ಅಲಂಕರಿಸಿದವರು. ಇವರಲ್ಲಿ ಪಟೇಲರು 1924ರಿಂದ 1928ರವರೆಗೆ ಅಹಮದಾಬಾದಿನ ಅಧ್ಯಕ್ಷರಾಗಿದ್ದರೆಂಬುದನ್ನು ಗಮನಿಸಬೇಕು. ನಾಲ್ಕು ವರ್ಷಗಳ ಆ ಅವಧಿಯು ಅವರಿಗೆ ಕೆಲಸವನ್ನು ಆರಂಭಿಸಲು ಮಾತ್ರವಲ್ಲದೆ ಅದರ ಫಲವನ್ನು ಕಣ್ಣಾರೆ ಕಾಣಲೂ ಅವಕಾಶವಿತ್ತಿತು.

ಬೆಂಗಳೂರಿನ ಎರಡು ಪುರಸಭೆಗಳು

ಬೆಂಗಳೂರಿನಲ್ಲಿ ಪೌರಾಡಳಿತವು ಆರಂಭವಾದುದು 1862ರಲ್ಲಿ. ನಗರದ ಒಂಬತ್ತು ಜನ ಗಣ್ಯರ ಮಂಡಲಿಯೊಂದನ್ನು 1850ರ ಪಟ್ಟಣಗಳ ಸುಧಾರಣಾ ಕಾಯಿದೆಯ ಆಧಾರದಿಂದ ರಚಿಸಲಾಯಿತು. ಇದೇ ಕಾಯಿದೆಯ ಬಲದಿಂದ ನಮ್ಮ ಭಾಗದ ಬೆಳಗಾವಿ, ಹುಬ್ಬಳ್ಳಿ, ಧಾರವಾಡಗಳಲ್ಲಿ ಇದಕ್ಕೂ ಕೆಲವು ವರ್ಷ ಮೊದಲೇ ಪುರಸಭೆಗಳು ಹುಟ್ಟಿದ್ದುವು. ಬೆಂಗಳೂರಿನ ವಿಶೇಷವೇನೆಂದರೆ ಅದು ಒಂದೇ ಹೆಸರಿನ ಎರಡು ಊರು. ಹಳೆಯ ಪೇಟೆಯು ಮೈಸೂರು ಸಂಸ್ಥಾನಕ್ಕೆ ಸೇರಿದ್ದರೆ, ದಂಡು ಪ್ರದೇಶವು ಬ್ರಿಟಿಷರ ಆಡಳಿತದಲ್ಲಿದ್ದಿತು. 1881ರಲ್ಲಿ ಸಂಸ್ಥಾನವನ್ನು ಒಡೆಯರ ಮನೆತನಕ್ಕೆ ಮರಳಿ ಒಪ್ಪಿಸಿದ ಬಳಿಕ ನಗರಕ್ಕೊಂದು, ದಂಡಿಗೊಂದು ಎಂಬಂತೆ ಎರಡು ಪುರಸಭೆಗಳು ಬೇರೆ ಬೇರೆಯಾಗಿಯೇ ಮುಂದುವರಿದುವು.

ಆರಂಭದಲ್ಲಿ ಅಧ್ಯಕ್ಷರಾಗುತ್ತಿದ್ದವರು ಸರಕಾರದ ಅಧಿಕಾರಿಗಳು. 1913ರಲ್ಲಿ ಗೌರವಾಧ್ಯಕ್ಷರನ್ನು ನೇಮಿಸುವ ಪದ್ಧತಿ ಬಂದಿತು. ನಗರ ಪುರಸಭೆಗೆ ಸರ್ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರು ಪ್ರಥಮ ಅನಧಿಕಾರಿ ಅಧ್ಯಕ್ಷರಾದರು. ಅದಾಗಿ ಏಳು ವರ್ಷಗಳ ತರುವಾಯ ಈ ಸ್ಥಾನವು ಚುನಾವಣೆಯಿಂದ ತುಂಬುವ ಸ್ಥಾನವಾಯಿತು. ಪುಟ್ಟಣ್ಣ ಚೆಟ್ಟಿಯವರು ಅಧ್ಯಕ್ಷರಾಗಿ ಸೇವೆ ಸಲ್ಲಿಸಿದುದಷ್ಟೇ ಅಲ್ಲದೆ ಉದಾರ ದಾನಿಗಳೂ ಆಗಿದ್ದರು. 1935ರಲ್ಲಿ ನಿರ್ಮಾಣ ಮುಗಿದ ಬೆಂಗಳೂರಿನ ಪುರಭವನವು ಅವರ ಹೆಸರನ್ನೇ ಹೊತ್ತು ನಿಂತಿದೆ. ಊರಿನವರ ಸಭೆಗಾಗಿ ಒಂದು ನೆರಳನ್ನು ಕಟ್ಟಿಸಿಕೊಟ್ಟವರ ಹೆಸರು ಅವರ ಅಧಿಕಾರಾವಧಿ ಮುಗಿದು ಶತಮಾನ ಕಳೆದ ಮೇಲೂ ಜನರ ಬಾಯಿಯಲ್ಲಿ ಉಳಿದಿರುವುದನ್ನು ಶಿಕ್ಷಣಸಂಸ್ಥೆಗಳಿಗೆ ದಾನವಿತ್ತವರು ಸಂತೋಷದಿಂದ ಸ್ಮರಿಸಬಹುದು.

ಮಹಾಪೌರರ ಸಾಲು

ಸ್ವಾತಂತ್ರ್ಯಾನಂತರ ಎರಡು ಪುರಸಭೆಗಳನ್ನು ಪ್ರತ್ಯೇಕವಾಗಿ ಇಡುವುದಕ್ಕೆ ಕಾರಣವೇ ಉಳಿಯಲಿಲ್ಲ. 1949ರ ಬೆಂಗಳೂರು ನಗರ ಕಾರ್ಪೊರೇಷನ್ ಕಾಯಿದೆಯ ಮೇರೆಗೆ ಪೇಟೆಯೂ ದಂಡೂ ಒಂದಾಗಿ ಬೆಂಗಳೂರು ನಗರ ಕಾರ್ಪೊರೇಷನ್ ಜನ್ಮತಾಳಿತು. ಐವತ್ತು ಮತಕ್ಷೇತ್ರಗಳಿಂದ ಎಪ್ಪತ್ತು ಜನ ಪ್ರತಿನಿಧಿಗಳು ಆರಿಸಿ ಬರುವ ವ್ಯವಸ್ಥೆಯಾಯಿತು. ಮೇಯರ್ ಪದವಿಯು ಕೂಡ ಆಗಲೇ ಪ್ರಥಮವಾಗಿ ಬಂದಿತು. ಮೊದಲ ಮೇಯರರಾಗಿ ಶ್ರೀ ಆರ್. ಸುಬ್ಬಣ್ಣನವರು ಅಧಿಕಾರ ವಹಿಸಿಕೊಂಡರು. 1950ರಲ್ಲಿ ಚುನಾವಣೆ ನಡೆದ ತರುವಾಯ ಶ್ರೀ ಎನ್. ಕೇಶವ ಅಯ್ಯಂಗಾರ್ ಅವರು ಚುನಾಯಿತ ಸಭೆಯ ಮೊದಲ ಮೇಯರರೆನಿಸಿದರು.

ಅಂದಿನಿಂದ ಈ ಪೀಠದಲ್ಲಿ ನಾನಾ ವೃತ್ತಿಯ, ನಾನಾ ಅಭಿರುಚಿಯ ಜನರು ಕುಳಿತು ಹೋಗಿದ್ದಾರೆ. 1960ರ ದಶಕದಲ್ಲಿ ಮೇಯರರಾಗಿದ್ದ ಶ್ರೀ ಜಿ. ನಾರಾಯಣ ಅವರನ್ನು ಕನ್ನಡಿಗರೆಲ್ಲರೂ ಬಲ್ಲರು. ‘ವಿನೋದ’ ಪತ್ರಿಕೆಯ ಸಂಪಾದಕರಾದ ಅವರು ಮುಂದೆ 1969ರಿಂದ 1978ರವರೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿದ್ದರು. ನಗರದ ಪೀಠದಲ್ಲಿ ಅವರಿಗೆ ದೊರೆತ ಕಾಲ ಸ್ವಲ್ಪ. ಪರಿಷತ್ತಿನಲ್ಲಿ ದೊರೆತುದು ಒಂಬತ್ತು ವರ್ಷ. ಅವರ ಹೆಸರನ್ನು ಕೇಳಿದೊಡನೆ ನಮಗೆ ಮೊದಲು ನೆನಪಾಗುವುದು ಪರಿಷತ್ತಿನ ಅಧ್ಯಕ್ಷರೆಂದೇ ಹೊರತು ಮೇಯರರೆಂದಲ್ಲ. ವ್ಯಕ್ತಿ ಒಬ್ಬರೇ, ಸಾಮರ್ಥ್ಯವೂ ಒಂದೇ. ಕಾಲವು ಮಾತ್ರ ಬೇರೆಯಾಗಿದ್ದಿತು.

1976ರ ಕರ್ನಾಟಕ ಪೌರನಿಗಮಗಳ ಅಧಿನಿಯಮವು ರಾಜ್ಯದ ಎಲ್ಲ ಮಹಾನಗರಗಳಿಗೂ ಏಕರೂಪದ ಕಾನೂನನ್ನು ತಂದಿತು. 1962ರಲ್ಲಿ ಎರಡು ಊರುಗಳನ್ನು ಕೂಡಿಸಿ ರಚಿಸಿದ ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆಯೂ ಇದರ ಕಕ್ಷೆಗೆ ಬಂದಿತು. ಈ ಅಧಿನಿಯಮದಂತೆ ಮೇಯರರ ಅವಧಿ ಒಂದು ವರ್ಷ. ಅವರನ್ನು ಮತದಾರರು ನೇರವಾಗಿ ಆರಿಸುವುದಿಲ್ಲ. ಪಾಲಿಕೆಯ ಸದಸ್ಯರು ಆರಿಸುತ್ತಾರೆ. ಆ ಚುನಾವಣೆಯಲ್ಲಿ ಸ್ಥಳೀಯ ಶಾಸಕರೂ ಸಂಸದರೂ ಮತ ನೀಡುವ ಹಕ್ಕುಳ್ಳವರು. ಮತವನ್ನು ಗುಪ್ತವಾಗಿ ಹಾಕದೆ ಕೈಯೆತ್ತಿ ಸೂಚಿಸುವುದು ರೂಢಿ.

ಬೃಹತ್ ಬೆಂಗಳೂರು ಮಹಾನಗರಪಾಲಿಕೆಯ ಮೇಯರರ ಸಾಲನ್ನು ನೋಡಿದರೆ ಈ ಒಂದು ವರ್ಷದ ಪದ್ಧತಿಯ ಸ್ವರೂಪವು ಸ್ಪಷ್ಟವಾಗುತ್ತದೆ. 2010ರಲ್ಲಿ ಶ್ರೀ ಎಸ್. ಕೆ. ನಟರಾಜ್, 2011ರಲ್ಲಿ ಶ್ರೀಮತಿ ಪಿ. ಶಾರದಮ್ಮ, 2012ರಲ್ಲಿ ಶ್ರೀ ಡಿ. ವೆಂಕಟೇಶಮೂರ್ತಿ, 2013ರಲ್ಲಿ ಶ್ರೀ ಬಿ. ಎಸ್. ಸತ್ಯನಾರಾಯಣ, 2014ರಲ್ಲಿ ಶ್ರೀಮತಿ ಎನ್. ಶಾಂತಕುಮಾರಿ, 2015ರಲ್ಲಿ ಶ್ರೀ ಬಿ. ಎನ್. ಮಂಜುನಾಥ ರೆಡ್ಡಿ, 2016ರಲ್ಲಿ ಶ್ರೀಮತಿ ಜಿ. ಪದ್ಮಾವತಿ, 2017ರಲ್ಲಿ ಶ್ರೀ ಆರ್. ಸಂಪತ್‌ರಾಜ್, 2018ರಲ್ಲಿ ಶ್ರೀಮತಿ ಗಂಗಾಂಬಿಕೆ ಮಲ್ಲಿಕಾರ್ಜುನ, 2019ರಲ್ಲಿ ಶ್ರೀ ಎಂ. ಗೌತಮ್‌ಕುಮಾರ್ ಅವರು ಆ ಪೀಠಕ್ಕೆ ಬಂದರು. ಹತ್ತು ವರ್ಷಗಳಲ್ಲಿ ಹತ್ತು ಜನ. ಅವರಲ್ಲಿ ನಾಲ್ವರು ಮಹಿಳೆಯರು. 2020ರ ಸೆಪ್ಟೆಂಬರ್ 10ರಂದು ಪಾಲಿಕೆಯ ಅವಧಿ ಮುಗಿದಾಗ ಪೀಠದಿಂದ ಇಳಿದ ಗೌತಮ್‌ಕುಮಾರರು ಬೆಂಗಳೂರಿನ 53ನೆಯ ಮೇಯರರು.

ಒಂದು ವರ್ಷದ ಗುಣದೋಷಗಳು

ಒಂದು ವರ್ಷದ ಅವಧಿಗೆ ಅದರದೇ ಆದ ಸಮರ್ಥನೆಯುಂಟು. ಪೀಠವು ಒಬ್ಬರ ಸ್ವತ್ತಾಗದೆ ಕೈಯಿಂದ ಕೈಗೆ ಹೋಗುತ್ತಿರಬೇಕೆಂಬುದು ಪ್ರಜಾತಂತ್ರದ ಮೂಲ ಆಶಯ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಅಧ್ಯಕ್ಷ ಸ್ಥಾನಗಳಲ್ಲಿಯೂ ಮೀಸಲಾತಿಗೆ ದಾರಿಮಾಡಿಕೊಟ್ಟಿತು. ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಮಹಿಳೆಯರಿಗೆ ಸರದಿಯ ಪ್ರಕಾರ ಅವಕಾಶ ದೊರೆಯಬೇಕಾದರೆ ಸರದಿಯು ಬೇಗ ಬೇಗ ತಿರುಗಬೇಕು. ಐದು ವರ್ಷಕ್ಕೊಮ್ಮೆ ತಿರುಗುವ ಸರದಿಯಲ್ಲಿ ಒಂದು ವರ್ಗದವರು ಇಪ್ಪತ್ತು-ಇಪ್ಪತ್ತೈದು ವರ್ಷ ಕಾಯಬೇಕಾದೀತು. ಮೇಲೆ ಹೇಳಿದ ಹತ್ತು ಹೆಸರುಗಳಲ್ಲಿ ನಾಲ್ವರು ಮಹಿಳೆಯರಿರುವುದು ಈ ಸರದಿಯ ಫಲವೆಂಬುದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಕೆಲಸದ ದೃಷ್ಟಿಯಿಂದ ನೋಡಿದರೆ ಲೆಕ್ಕವೇ ಬೇರೆಯಾಗುತ್ತದೆ. ಸೆಪ್ಟೆಂಬರಿನಲ್ಲಿ ಪೀಠವೇರಿದ ಮೇಯರರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವರು ಬಂದಾಗ ಆ ವರ್ಷದ ಅಂದಾಜು ಪತ್ರಿಕೆಯು ಹಿಂದಿನವರ ಕಾಲದಲ್ಲಿಯೇ ಮಂಜೂರಾಗಿರುತ್ತದೆ. ಅಭಿನಂದನೆ, ಸನ್ಮಾನಗಳಲ್ಲಿ ಒಂದೆರಡು ತಿಂಗಳು, ಇಲಾಖೆಗಳ ಪರಿಚಯದಲ್ಲಿ ಒಂದೆರಡು ತಿಂಗಳು ಕಳೆಯುತ್ತವೆ. ಮಾರ್ಚಿನ ಹೊತ್ತಿಗೆ ತಮ್ಮದೆನ್ನುವ ಒಂದು ಅಂದಾಜು ಪತ್ರಿಕೆಯನ್ನು ಸಭೆಯ ಮುಂದೆ ಬರಮಾಡಿಕೊಳ್ಳುತ್ತಾರೆ. ಏಪ್ರಿಲಿನ ಬಳಿಕ ಕಾಮಗಾರಿಯ ಪಟ್ಟಿ, ಅಂದಾಜು, ಟೆಂಡರು, ಮಂಜೂರಾತಿ ಎಂಬ ವಿಧಿಗಳು ನಡೆಯಬೇಕು. ಅಷ್ಟರಲ್ಲಿ ಮುಂಗಾರು ಆರಂಭವಾಗಿ ರಸ್ತೆಯ ಕೆಲಸ ನಿಲ್ಲುತ್ತದೆ. ಮಳೆ ಹಿಂದೆಗೆಯುವ ವೇಳೆಗೆ ಅವರ ಅವಧಿಯೇ ತೀರಿರುತ್ತದೆ. ತಾವು ಯೋಜಿಸಿದ ಗಟಾರದಲ್ಲಿ ನೀರು ಹರಿಯುವುದನ್ನು ಮೇಯರ್ ಪೀಠದಲ್ಲಿದ್ದುಕೊಂಡು ನೋಡುವ ಭಾಗ್ಯವು ಅವರಿಗೆ ಅಪರೂಪ. ಬಿತ್ತಿದವರೊಬ್ಬರು, ಕಳೆ ತೆಗೆದವರೊಬ್ಬರು, ಒಕ್ಕಿದವರು ಮತ್ತೊಬ್ಬರು ಎಂಬಂತಾದರೆ ಬೆಳೆ ಕೆಟ್ಟಾಗ ಜನರು ಯಾರನ್ನು ಕೇಳಬೇಕು? ಉತ್ತರದಾಯಿತ್ವದ ಪ್ರಶ್ನೆಯು ಇಲ್ಲಿ ಮುಖ್ಯವಾದುದು.

ಕಾಲದ ಕೊರತೆಯ ಜೊತೆಗೆ ಅಧಿಕಾರದ ಕೊರತೆಯೂ ಇದೆ. ಕಾರ್ಯಾಂಗದ ಅಧಿಕಾರವೆಲ್ಲವೂ ಸರಕಾರವು ನೇಮಿಸುವ ಆಯುಕ್ತರಲ್ಲಿ ನಿಹಿತವಾಗಿದೆ. ಮೇಯರರು ಸಭೆಯ ಅಧ್ಯಕ್ಷತೆ ವಹಿಸುತ್ತಾರೆ. ಸ್ಥಾಯಿ ಸಮಿತಿಗಳು ವಿಷಯಗಳನ್ನು ಪರಿಶೀಲಿಸುತ್ತವೆ. ಕಡತಕ್ಕೆ ಸಹಿ ಬೀಳುವುದು ಆಯುಕ್ತರದು. ಅಷ್ಟೇ ಅಲ್ಲದೆ ನಗರದ ಪ್ರಧಾನ ಸೇವೆಗಳು ಒಂದೊಂದಾಗಿ ಪಾಲಿಕೆಯ ಕೈಬಿಟ್ಟು ಹೋದುವು. ಬಡಾವಣೆಗಳ ರಚನೆಗಾಗಿ 1945ರಲ್ಲಿ ನಗರ ಸುಧಾರಣಾ ವಿಶ್ವಸ್ಥ ಮಂಡಲಿಯು ಏರ್ಪಟ್ಟಿದ್ದಿತು. 1976ರಲ್ಲಿ ಅದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವಾಯಿತು. 1964ರಲ್ಲಿ ನೀರು ಸರಬರಾಯಿ ಮತ್ತು ಒಳಚರಂಡಿಯ ಕಾರ್ಯವು ಪ್ರತ್ಯೇಕ ಮಂಡಲಿಗೆ ಸೇರಿತು. ಹೀಗಾಗಿ ನಳದಲ್ಲಿ ನೀರು ಬಾರದಿದ್ದರೆ ಜನರು ಮೇಯರರ ಮನೆಯ ಮುಂದೆ ಖಾಲಿ ಕೊಡ ಹಿಡಿದು ನಿಲ್ಲುತ್ತಾರೆ. ಆದರೆ ನೀರು ಬಿಡುವ ಕೀಲಿಯು ಮೇಯರರ ಕೈಯಲ್ಲಿರುವುದಿಲ್ಲ.

ಇತರ ರಾಜ್ಯಗಳಲ್ಲಿ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳನ್ನು ಕಂಡುಕೊಂಡಿದ್ದಾರೆ. ದಿಲ್ಲಿಯಲ್ಲಿ ನಮ್ಮಂತೆಯೇ ಒಂದು ವರ್ಷ. ನೆರೆಯ ಮಹಾರಾಷ್ಟ್ರದಲ್ಲಿ ಎರಡೂವರೆ ವರ್ಷ. ಕೇರಳದಲ್ಲಿ ಐದು ವರ್ಷ. ಉತ್ತರಪ್ರದೇಶ ಮತ್ತು ಮಧ್ಯಪ್ರದೇಶಗಳಲ್ಲಿ ಮತದಾರರೇ ನೇರವಾಗಿ ಐದು ವರ್ಷಕ್ಕೆ ಮೇಯರರನ್ನು ಆರಿಸುತ್ತಾರೆ. ಕಲಕತ್ತೆಯಲ್ಲಿ ಮೇಯರರೂ ಅವರ ಸಹೋದ್ಯೋಗಿಗಳೂ ಮಂತ್ರಿಮಂಡಲದಂತೆ ಕೂಡಿ ಆಡಳಿತ ನಡೆಸುವ ಪದ್ಧತಿಯಿದೆ. ನಮ್ಮಲ್ಲಿಯೇ ನಗರಸಭೆ, ಪುರಸಭೆಗಳ ಅಧ್ಯಕ್ಷರಿಗೆ ಮೂವತ್ತು ತಿಂಗಳ ಅವಧಿಯಿದೆ. ಒಂದು ಕೋಟಿ ಜನರ ನಗರದ ಪ್ರಥಮ ಪ್ರಜೆಗಿಂತ ಒಂದು ಚಿಕ್ಕ ಪಟ್ಟಣದ ಅಧ್ಯಕ್ಷರಿಗೆ ಹೆಚ್ಚು ಕಾಲ ಸಿಗುತ್ತಿದ್ದುದು ವಿಚಿತ್ರವಾದರೂ ಸತ್ಯ.

ಈ ವೈಚಿತ್ರ್ಯವನ್ನು ಸರಿಪಡಿಸುವ ಯತ್ನವೂ ನಡೆಯಿತು. 2020ರ ಬೃಹತ್ ಬೆಂಗಳೂರು ಮಹಾನಗರಪಾಲಿಕೆ ಅಧಿನಿಯಮವು ಮೇಯರರ ಅವಧಿಯನ್ನು ಮೂವತ್ತು ತಿಂಗಳಿಗೆ ಹೆಚ್ಚಿಸಿತು. ಆದರೆ ಆ ಅಧಿನಿಯಮದ ಕೆಳಗೆ ಪಾಲಿಕೆಗೆ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನೇ ವಿಭಜಿಸಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವನ್ನೂ ಅದರಡಿ ಐದು ನಗರಪಾಲಿಕೆಗಳನ್ನೂ ರಚಿಸಲಾಯಿತು. ಹೀಗೆ ಆ ಅಧಿನಿಯಮದ ಮೂವತ್ತು ತಿಂಗಳ ಅವಧಿಯು ಕಾನೂನಿನ ಪುಸ್ತಕದಲ್ಲಿ ಬಂದರೂ ಒಬ್ಬ ಮೇಯರನನ್ನೂ ಕಾಣಲಿಲ್ಲ.

ಬರಿದಾದ ಪೀಠ

ಈಗ ಮೂರನೆಯ ಪ್ರಶ್ನೆಗೆ ಬರೋಣ. ಅವಧಿಯು ಒಂದು ವರ್ಷವಿರಲಿ, ಎರಡೂವರೆ ವರ್ಷವಿರಲಿ, ಪೀಠದಲ್ಲಿ ಯಾರೂ ಇಲ್ಲದ ಕಾಲವನ್ನು ಏನೆಂದು ಕರೆಯಬೇಕು? 1949ರ ಡಿಸೆಂಬರಿನಿಂದ 2020ರ ಸೆಪ್ಟೆಂಬರಿನವರೆಗೆ ಸುಮಾರು 71 ವರ್ಷ. ಮೇಯರರು 53 ಜನ. ಈ ಎರಡು ಸಂಖ್ಯೆಗಳ ನಡುವಣ ಅಂತರದಲ್ಲಿ ಆಡಳಿತಾಧಿಕಾರಿಗಳ ಕಾಲವೂ ಅಡಗಿದೆ.

2006ರ ನವೆಂಬರಿನಲ್ಲಿ ಬೆಂಗಳೂರು ಮಹಾನಗರಪಾಲಿಕೆಯ ಅವಧಿ ಮುಗಿದಾಗ ಶ್ರೀಮತಿ ಮುಮ್ತಾಜ್ ಬೇಗಂ ಅವರು ಮೇಯರರಾಗಿದ್ದರು. ನಗರದ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ ಹಾಗೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ 2007ರಲ್ಲಿ ಬೃಹತ್ ಪಾಲಿಕೆಯನ್ನು ರಚಿಸಲಾಯಿತು. 226 ಚದರ ಕಿಲೋಮೀಟರಿನ ನಗರವು 700ಕ್ಕೂ ಹೆಚ್ಚು ಚದರ ಕಿಲೋಮೀಟರಿಗೆ ಬೆಳೆಯಿತು. ಇಷ್ಟು ದೊಡ್ಡ ಬದಲಾವಣೆಯ ಕಾಲದಲ್ಲಿ ಊರವರ ಪರವಾಗಿ ಪ್ರಶ್ನಿಸುವ ಸಭೆಯೂ ಇರಲಿಲ್ಲ, ಮೇಯರರೂ ಇರಲಿಲ್ಲ. 198 ವಾರ್ಡುಗಳಿಗೆ ಚುನಾವಣೆ ನಡೆದುದು 2010ರ ಮಾರ್ಚಿನಲ್ಲಿ. ಮೂರು ವರ್ಷಕ್ಕೂ ಮೀರಿ ಅಧಿಕಾರಿಗಳೇ ಆಡಳಿತ ನಡೆಸಿದರು. 2015ರ ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಮತ್ತೊಮ್ಮೆ ಆಡಳಿತಾಧಿಕಾರಿಗಳ ಆಳ್ವಿಕೆ. 2020ರ ಸೆಪ್ಟೆಂಬರಿನಿಂದ ಪಾಲಿಕೆಯು ವಿಸರ್ಜನೆಯಾಗುವವರೆಗಿನ ಐದು ವರ್ಷಗಳು, ಅಂದರೆ ಒಂದು ಸಭೆಯ ಪೂರ್ಣ ಆಯುಷ್ಯದಷ್ಟು ಕಾಲ, ಮೇಯರರಿಲ್ಲದೆಯೇ ಕಳೆದುಹೋದುವು.

ಇದು ಬೆಂಗಳೂರಿಗೆ ಮಾತ್ರ ಸೀಮಿತವಾದ ವ್ಯಾಧಿಯಲ್ಲ. 2021ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ-ಧಾರವಾಡದ 82, ಬೆಳಗಾವಿಯ 58 ಹಾಗೂ ಕಲಬುರ್ಗಿಯ 55 ವಾರ್ಡುಗಳಿಗೆ ಒಂದೇ ದಿನ ಚುನಾವಣೆ ನಡೆಯಿತು. ಜನರು ಸಾಲುಗಟ್ಟಿ ನಿಂತು ಮತ ಹಾಕಿದರು. ಆದರೆ ಹುಬ್ಬಳ್ಳಿ-ಧಾರವಾಡಕ್ಕೆ ಮೇಯರರು ದೊರೆತುದು 2022ರ ಮೇ ತಿಂಗಳಲ್ಲಿ. ಬೆಳಗಾವಿಗೆ 2023ರ ಫೆಬ್ರುವರಿಯಲ್ಲಿ. ಕಲಬುರ್ಗಿಗೆ 2023ರ ಮಾರ್ಚಿನಲ್ಲಿ. ಚಿಕ್ಕ ಊರುಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ರಾಜ್ಯದ ನೂರಾರು ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ 2018ರಲ್ಲಿ ಚುನಾವಣೆ ನಡೆದರೂ, ಅಧ್ಯಕ್ಷ ಸ್ಥಾನಗಳ ಮೀಸಲಾತಿಯ ವಿವಾದವು ನ್ಯಾಯಾಲಯದ ಮೆಟ್ಟಿಲೇರಿದುದರಿಂದ 2020ರ ಕೊನೆಯವರೆಗೆ ಅಧ್ಯಕ್ಷರ ಆಯ್ಕೆಯು ಸಾಧ್ಯವಾಗಲಿಲ್ಲ. ಆರಿಸಿ ಬಂದ ಸದಸ್ಯರು ಎರಡು ವರ್ಷ ಸಭೆಯನ್ನೇ ಕಾಣದೆ ಕುಳಿತರು.

ಸಂವಿಧಾನವು ಈ ವಿಷಯದಲ್ಲಿ ನಿಸ್ಸಂದಿಗ್ಧವಾಗಿದೆ. ಪೌರಸಂಸ್ಥೆಯ ಅವಧಿಯು ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಅವಧಿ ತೀರುವ ಮೊದಲೇ ಹೊಸ ಚುನಾವಣೆ ಪೂರೈಸಬೇಕು. ನಡುವೆ ವಿಸರ್ಜಿಸಿದರೆ ಆರು ತಿಂಗಳೊಳಗೆ ನಡೆಸಬೇಕು. ಅಹಮದಾಬಾದು ಪಾಲಿಕೆಗೆ ಸಂಬಂಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಇದನ್ನೇ ಎತ್ತಿಹಿಡಿಯಿತು. ಆದರೂ ವಾರ್ಡುಗಳ ಮರುವಿಂಗಡಣೆ, ಮೀಸಲಾತಿಯ ಪಟ್ಟಿ, ಗಡಿಯ ವಿಸ್ತರಣೆ ಎಂಬ ಒಂದಲ್ಲ ಒಂದು ಕಾರಣದಿಂದ ಚುನಾವಣೆಯು ಮುಂದೆ ಹೋಗುತ್ತ ಬಂದಿದೆ. ಇವೆಲ್ಲವೂ ಅವಶ್ಯಕ ಕಾರ್ಯಗಳೇ. ಆದರೆ ಪರೀಕ್ಷೆಯ ದಿನಾಂಕವು ಐದು ವರ್ಷ ಮೊದಲೇ ಗೊತ್ತಿರುವಾಗ ಸಿದ್ಧತೆಗೆ ಸಮಯವಿರಲಿಲ್ಲವೆಂದು ವಿದ್ಯಾರ್ಥಿಯು ಹೇಳಿದರೆ ಯಾವ ಶಿಕ್ಷಕರೂ ಒಪ್ಪಲಾರರು.

ಆಡಳಿತಾಧಿಕಾರಿಗಳಲ್ಲಿ ದಕ್ಷರೂ ಪ್ರಾಮಾಣಿಕರೂ ಇದ್ದಾರೆಂಬುದರಲ್ಲಿ ಸಂದೇಹವಿಲ್ಲ. ಕಸ ಎತ್ತಿಸುವುದು, ದೀಪ ಹಚ್ಚಿಸುವುದು ಅವರಿಂದಲೂ ಸಾಧ್ಯ. ಆದರೆ ಅವರು ಉತ್ತರಿಸಬೇಕಾದುದು ತಮ್ಮನ್ನು ನೇಮಿಸಿದ ಸರಕಾರಕ್ಕೆ. ಓಣಿಯ ಮುದುಕಿಯೊಬ್ಬಳು ವಾರ್ಡಿನ ಸದಸ್ಯರನ್ನು ಹಾದಿಯಲ್ಲಿ ನಿಲ್ಲಿಸಿ, ‘ಏನಪಾ, ದೀಪ ಯಾವಾಗ ಹಚ್ಚಸ್ತೀ?’ ಎಂದು ಕೇಳುವ ಸಲಿಗೆಯು ಅಧಿಕಾರಿಗಳ ಕಚೇರಿಯಲ್ಲಿ ಅವಳಿಗೆ ಸಿಗುವುದಿಲ್ಲ. ಪೀಠವು ಬರಿದಾದಾಗ ನಗರವು ಕಳೆದುಕೊಳ್ಳುವುದು ಈ ಸಲಿಗೆಯನ್ನು. ಮುಂದಿನ ನಾಯಕರು ತಯಾರಾಗುವ ಶಾಲೆಯೂ ಅಷ್ಟು ಕಾಲ ಮುಚ್ಚಿರುತ್ತದೆ.

ಸಮಾರೋಪ

ಮೇಯರರ ಈ ಇತಿಹಾಸದಿಂದ ನಾವು ತಿಳಿಯತಕ್ಕ ಅಂಶಗಳು ಸ್ಪಷ್ಟವಾಗಿವೆ. ಪೀಠವು ಒಬ್ಬರ ಕೈಯಲ್ಲಿಯೇ ನಿಲ್ಲದೆ ತಿರುಗುತ್ತಿರುವುದು ಒಳ್ಳೆಯದು. ಆದರೆ ಒಂದು ಕೆಲಸವನ್ನು ಆರಂಭಿಸಿ ಮುಗಿಸುವಷ್ಟು, ಕಡಿಮೆಯೆಂದರೆ ಎರಡು ಮಳೆಗಾಲಗಳನ್ನು ಕಾಣುವಷ್ಟು, ಕಾಲವು ಅದಕ್ಕೆ ಬೇಕು. ಕಾಲದೊಡನೆ ಕೆಲಸದ ಅಧಿಕಾರವೂ ಬೇಕು. ಇವೆರಡಕ್ಕಿಂತ ಮೊದಲು ಪೀಠದಲ್ಲಿ ಜನರಿಂದ ಆರಿಸಿ ಬಂದ ಒಬ್ಬರು ಇರಬೇಕು. ಅವಧಿಯು ಹ್ರಸ್ವವಾಯಿತೆಂದು ದೂರುವವರು, ಅವಧಿಯೇ ಇಲ್ಲದ ವರ್ಷಗಳನ್ನು ಕುರಿತು ಇನ್ನೂ ಗಟ್ಟಿಯಾಗಿ ದೂರಬೇಕಾಗಿದೆ.

ಜತ್ತಿಯವರ ಜೀವನವನ್ನು ಮತ್ತೊಮ್ಮೆ ನೆನೆದು ಈ ಲೇಖನವನ್ನು ಮುಗಿಸುವುದು ಉಚಿತ. ಜಮಖಂಡಿ ಸಂಸ್ಥಾನವು 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಬಳಿಕ ಅವರು ಕೆಲಕಾಲ ವಕೀಲಿಗೆ ಮರಳಿದರು. ಮುಂದೆ ಮುಂಬಯಿ ಸರಕಾರದಲ್ಲಿ ಮೊರಾರ್ಜಿ ದೇಸಾಯಿಯವರ ಕೈಕೆಳಗೆ ಉಪಮಂತ್ರಿಗಳಾದರು. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. 1974ರಲ್ಲಿ ಉಪರಾಷ್ಟ್ರಪತಿಗಳಾದರು. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾದಾಗ ಹಂಗಾಮಿ ರಾಷ್ಟ್ರಪತಿಗಳಾಗಿ, ಜುಲೈ 25ರವರೆಗೆ ಆ ಹೊಣೆಯನ್ನು ಹೊತ್ತರು. ಆ ಮಾರ್ಚಿನಲ್ಲಿ ಮೊರಾರ್ಜಿಯವರಿಗೆ ಪ್ರಧಾನಮಂತ್ರಿ ಪದವಿಯ ಪ್ರಮಾಣವಚನವನ್ನು ಬೋಧಿಸಿದವರು ಹಿಂದೊಮ್ಮೆ ಅವರ ಕೈಕೆಳಗಿದ್ದ ಈ ಸಾವಳಗಿಯ ಜತ್ತಿಯವರೇ.

ಅವರು ರಾಷ್ಟ್ರಪತಿಯ ಪೀಠದಲ್ಲಿದ್ದುದು ಆರು ತಿಂಗಳಿಗೂ ಕಡಿಮೆ. ಆದರೆ ಅಲ್ಲಿಯವರೆಗೆ ಅವರನ್ನು ಕರೆದೊಯ್ದ ದಾರಿಯು ಮೂವತ್ತು ವರ್ಷಗಳಿಗೂ ಮಿಗಿಲಾದುದು, ಮತ್ತು ಅದು ಜಮಖಂಡಿಯ ಪುರಸಭೆಯ ಸಭಾಗೃಹದಿಂದ ಹೊರಟಿದ್ದಿತು. ಇಂದು ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳಲ್ಲಿ ನಗರಸಭೆಗಳಿವೆ. ಬೀಳಗಿಯಲ್ಲಿ ಪಟ್ಟಣ ಪಂಚಾಯಿತಿಯಿದೆ. ನಮ್ಮ ವರ್ಗಗಳಲ್ಲಿ ಪೌರನೀತಿಯ ಪಾಠವನ್ನು ಕೇಳುತ್ತಿರುವ ಹುಡುಗ ಹುಡುಗಿಯರಲ್ಲಿ ಯಾರು ನಾಳೆ ಆ ಪೀಠಗಳಲ್ಲಿ ಕುಳಿತುಕೊಳ್ಳುವರೆಂದು ಇಂದು ಹೇಳಲಾಗದು. ಅವರು ಅರ್ಹರಾಗುವಂತೆ ಕಲಿಸುವುದು ಶಿಕ್ಷಕರ ಹೊಣೆ. ಅವರು ಬರುವ ವೇಳೆಗೆ ಪೀಠವು ಬರಿದಾಗಿರದಂತೆ, ಅದಕ್ಕೆ ಕಾಲವೂ ಕಾರ್ಯವೂ ಇರುವಂತೆ ನೋಡಿಕೊಳ್ಳುವುದು ಮತದಾರರಾದ ನಮ್ಮೆಲ್ಲರ ಹೊಣೆ. ಚುನಾವಣೆ ಮುಂದೆ ಹೋದಾಗ ಸುಮ್ಮನಿರದೆ ಕೇಳುವ ರೂಢಿಯನ್ನು ಹಳೆಯ ವಿದ್ಯಾರ್ಥಿಗಳು ತಾವಿರುವ ಊರುಗಳಲ್ಲಿ ಬೆಳೆಸಿದರೆ, ಅವರು ಇಲ್ಲಿ ಕಲಿತ ಪೌರನೀತಿಯ ಪಾಠವು ಸಾರ್ಥಕವಾಗುವುದು.